ಫ್ರಾಗ್‌ಮೆಂಟ್ ಲೈಬ್ರರಿ

ಔಷಧ ಶೋಧಕ್ಕೆಂದು ಆಯ್ದಿಟ್ಟ ತೀರ ಪುಟ್ಟ ಅಣುಗಳ ಸಂಗ್ರಹ. ಇವು ಪ್ರೋಟೀನಿಗೆ ಸಡಿಲವಾಗಿಯೇ ಅಂಟುತ್ತವೆ. ಎಲ್ಲಿ, ಹೇಗೆ ಅಂಟಿದವೆಂದು ತಿಳಿದರೆ ಸಾಕು, ಒಂದು ತುಣುಕನ್ನು ಬೆಳೆಸಿಯೋ ಎರಡನ್ನು ಬೆಸೆದೋ ಔಷಧವಾಗಬಲ್ಲ ಅಣುವನ್ನು ಕಟ್ಟಬಹುದು.

ಇದರ ತಾತ್ತ್ವಿಕ ಬೇರು ಅಮೆರಿಕದ ಜೀವರಸಾಯನ ವಿಜ್ಞಾನಿ ವಿಲಿಯಂ ಜೆಂಕ್ಸ್ 1981ರಲ್ಲಿ ಬರೆದ ಪ್ರಬಂಧ. ಪ್ರೋಟೀನಿಗೆ ಅಂಟುವ ಅಣು ತನ್ನ ಚಲನಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತದೆ. ಎರಡು ತುಣುಕುಗಳನ್ನು ಬೆಸೆದರೆ ಆ ನಷ್ಟ ಒಮ್ಮೆ ಮಾತ್ರ. ಹಾಗಾಗಿ ಬೆಸೆದ ಅಣುವಿನ ಹಿಡಿತ ಬಿಡಿ ತುಣುಕುಗಳ ಲೆಕ್ಕವನ್ನು ಮೀರಬಹುದು. ಪ್ರಯೋಗಶಾಲೆಯ ದೊಡ್ಡ ಸಾಕ್ಷಿ ದೊರೆತದ್ದು 1996ರಲ್ಲಿ, ಅಬಾಟ್ ಕಂಪನಿಯ ಸ್ಟೀಫನ್ ಫೆಸಿಕ್ ತಂಡದಿಂದ. ಎಫ್‌ಕೆಬಿಪಿ ಎಂಬ ಪ್ರೋಟೀನಿಗೆ 2 ಮತ್ತು 100 ಮೈಕ್ರೋಮೋಲಾರ್ ಮಟ್ಟದಲ್ಲಿ ಅಂಟುವ ಎರಡು ತುಣುಕುಗಳನ್ನು ಎನ್‌ಎಂಆರ್ ಎಂಬ ಕಾಂತೀಯ ಅನುರಣನ ತಂತ್ರದಿಂದ ಹುಡುಕಿ ಬೆಸೆದಾಗ ಆ ಮಟ್ಟ 19 ನ್ಯಾನೋಮೋಲಾರ್‌ಗೆ ಇಳಿಯಿತು; ಮಟ್ಟ ಇಳಿದಷ್ಟೂ ಹಿಡಿತ ಬಿಗಿ.

ಆಗ ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಸಂಯುಕ್ತಗಳನ್ನು ಯಂತ್ರದಿಂದ ಪರೀಕ್ಷಿಸುತ್ತಿದ್ದವು. ಸಂಖ್ಯೆಯ ಆ ಮೋಹಕ್ಕೆ ಪೆಟ್ಟು ಕೊಟ್ಟದ್ದು 2001ರಲ್ಲಿ ಗ್ಲ್ಯಾಕ್ಸೋಸ್ಮಿತ್‌ಕ್ಲೈನ್‌ನ ಮೈಕ್ ಹ್ಯಾನ್ ಮತ್ತು ಸಂಗಡಿಗರ ವಾದ: ಅಣು ಜಟಿಲವಾದಷ್ಟೂ ಅದರ ಯಾವುದೋ ಒಂದು ಮೂಲೆ ಪ್ರೋಟೀನಿಗೆ ಒಗ್ಗದೆ ಹೋಗುವ ಸಂಭವ ಹೆಚ್ಚು. ಚಿಕ್ಕ ಅಣುವಿನ ಹಿಡಿತ ದುರ್ಬಲವಾದರೂ ಅದು ಹೊಂದುವ ಅವಕಾಶ ಜಾಸ್ತಿ. ಸಾವಿರ ತುಣುಕುಗಳ ಸಂಗ್ರಹಕ್ಕೂ ಬೆಲೆ ಬಂದದ್ದು ಈ ತರ್ಕದಿಂದ.

1999ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ಆಸ್ಟೆಕ್ಸ್ ಕಂಪನಿ ಸ್ಫಟಿಕಗಳನ್ನು ಎಕ್ಸ್-ಕಿರಣದಿಂದ ನೋಡುವ ದಾರಿ ಹಿಡಿಯಿತು. ಅಲ್ಲಿನವರು 2003ರಲ್ಲಿ ತಮ್ಮ ಯಶಸ್ವಿ ತುಣುಕುಗಳಲ್ಲಿ ಕಂಡ ಸಮಾನ ಲಕ್ಷಣಗಳನ್ನು 'ಮೂರರ ನಿಯಮ'ವೆಂದು ಬರೆದರು: ಅಣುತೂಕ 300ಕ್ಕಿಂತ ಕಡಿಮೆ, ಹೈಡ್ರೋಜನ್ ಬಂಧದ ದಾತೃಗಳು, ಗ್ರಾಹಿಗಳು ಮೂರು ಮೂರನ್ನು ಮೀರಬಾರದು, ಕೊಬ್ಬುಪ್ರಿಯತೆಯ ಅಳತೆಯೂ ಮೂರರೊಳಗೆ. ತುಣುಕುಗಳು ಸರಾಸರಿಯಲ್ಲಿ ಹೀಗಿರುತ್ತವೆ ಎಂಬ ಅವಲೋಕನವಷ್ಟೇ ಅದು. ಮುಂದೆ ಸಂಗ್ರಹ ಮಾರುವವರ ಪಟ್ಟಿಗಳಲ್ಲಿ ಅದೇ ಶಾಸನವಾಯಿತು.

ಕೆಲಸಗಾರರಿಗೆ ಹೆಚ್ಚು ತಲೆನೋವು ತಂದದ್ದು ನೀರಿನಲ್ಲಿ ಕರಗುವಿಕೆ. ದುರ್ಬಲ ಬಂಧ ಕಾಣಬೇಕಾದರೆ ತುಣುಕನ್ನು ಗಾಢವಾಗಿ ಬೆರೆಸಬೇಕು. ಕರಗದ್ದು ಮುದ್ದೆಗಟ್ಟಿ ಸುಳ್ಳು ಫಲ ಕೊಡುತ್ತದೆ, ಚೂರು ಕಲ್ಮಷವೂ ಹಾಗೆಯೇ. ಏನೇನಕ್ಕೋ ಅಂಟಿ ದಾರಿ ತಪ್ಪಿಸುವ ರಚನೆಗಳನ್ನು 2010ರಲ್ಲಿ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ ಪಟ್ಟಿಮಾಡಿದ ಮೇಲೆ ಅಂಥವನ್ನು ಮೊದಲೇ ಸೋಸುವುದು ರೂಢಿಯಾಯಿತು. ಚಪ್ಪಟೆ ಉಂಗುರಗಳೇ ತುಂಬಿದ ಸಂಗ್ರಹಗಳ ಬಗ್ಗೆಯೂ ದೂರುಗಳಿದ್ದವು. ಮೂರು ಆಯಾಮದ ತುಣುಕುಗಳು ಬಂದವು, ಆದರೆ ಅವನ್ನು ತಯಾರಿಸುವುದು ಕಷ್ಟ.

ಈ ವಿಧಾನದಿಂದ ಹುಟ್ಟಿ ಮೊದಲು ಮಾನ್ಯತೆ ಪಡೆದ ಔಷಧ ವೆಮುರಾಫೆನಿಬ್ (2011), ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ. ಅದರ ಮೂಲ 7-ಅಜಾಇಂಡೋಲ್ ಎಂಬ ಪುಟ್ಟ ತುಣುಕು. 2016ರಲ್ಲಿ ರಕ್ತ ಕ್ಯಾನ್ಸರಿನ ವೆನೆಟೋಕ್ಲಾಕ್ಸ್ ಬಂತು. ಅದರ ವಂಶಾವಳಿ ಅಬಾಟ್‌ನ ಎನ್‌ಎಂಆರ್ ಕೆಲಸಕ್ಕೇ ಹೋಗಿ ಮುಟ್ಟುತ್ತದೆ.

ಬ್ರಿಟನ್ನಿನ ಡೈಮಂಡ್ ಸಿಂಕ್ರೋಟ್ರಾನ್ ಎಂಬ ಎಕ್ಸ್-ಕಿರಣ ಕೇಂದ್ರದಲ್ಲಿ ಬಳಸುವ ಸಂಗ್ರಹದ ಆಯ್ಕೆಯಲ್ಲಿ ಇನ್ನೊಂದು ವಿವೇಕವಿದೆ: ಅಂಟಿದ ತುಣುಕನ್ನು ಸುಲಭ ರಾಸಾಯನಿಕ ಕ್ರಿಯೆಗಳಿಂದ ಕೂಡಲೇ ಬೆಳೆಸುವಂತಿರಬೇಕು. 2020ರಲ್ಲಿ ಕೋವಿಡ್ ವೈರಾಣುವಿನ ಮುಖ್ಯ ಪ್ರೋಟಿಯೇಸ್ ಎಂಬ ಕಿಣ್ವದ ಮೇಲೆ ಸುಮಾರು 1,250 ತುಣುಕುಗಳನ್ನು ಅಲ್ಲಿ ಪರೀಕ್ಷಿಸಿ, ಸಿಕ್ಕ ರಚನೆಗಳನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಹಲವು ದೇಶಗಳ ರಸಾಯನಜ್ಞರು ಕೈಜೋಡಿಸಿದ ಕೋವಿಡ್ ಮೂನ್‌ಶಾಟ್ ಯೋಜನೆ ಅವುಗಳಿಂದಲೇ ಶುರುವಾಯಿತು.