ತೊಟ್ಟಿಲ ಸೀರೆಯಿಂದ ಬ್ಲ್ಯಾಕ್‌ಔಟ್ ಪರದೆಯವರೆಗೆ



ಹಿಂಜವಾಡಿಯ ಯಾವುದಾದರೂ ಹೊಸ ಸೊಸೈಟಿಯ ಹತ್ತನೆಯ ಮಹಡಿಯಲ್ಲಿ ನಿಮ್ಮ ಫ್ಲ್ಯಾಟ್ ಇದೆ ಅಂದುಕೊಳ್ಳಿ. ಪಶ್ಚಿಮದ ಗೋಡೆಯ ಮುಕ್ಕಾಲು ಭಾಗ ಗಾಜು. ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಬಿಸಿಲು ನೇರವಾಗಿ ಹಾಸಿಗೆಯ ಮೇಲೆ ಬೀಳುತ್ತದೆ. ಮನೆಗೆ ಪುಟ್ಟ ಕೂಸು ಬಂದಿದೆ. ಬಾಣಂತನ ಮಾಡಲು ಹುಬ್ಬಳ್ಳಿಯಿಂದ ಅವ್ವ ಬಂದಿದ್ದಾರೆ. "ಮೊದಲ ಆ ಕಿಡಕಿಗೆ ಏನರೆ ಕಟ್ರಿ, ಕೂಸಿನ ಕಣ್ಣಾಗ ಬಿಸಲ ಬೀಳಾಕತ್ತೈತಿ" ಎಂದು ಅವರ ಒಂದೇ ವರಾತ. ನೀವು ಅಂಗಡಿಗೆ ಹೋದರೆ ಅಲ್ಲಿ ರೋಲರ್, ರೋಮನ್, ವೆನೀಷಿಯನ್, ಬ್ಲ್ಯಾಕ್‌ಔಟ್ ಎಂದು ಹತ್ತಾರು ಹೆಸರು! ಯಾವುದನ್ನು ಆರಿಸುವುದು?

ಉತ್ತರ ಹುಡುಕುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ ಬನ್ನಿ.

'ಪರದೆ' ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು. ಅದಕ್ಕೂ ಮೊದಲು ನಮ್ಮಲ್ಲಿದ್ದ ಮಾತು 'ತೆರೆ'. ಯಕ್ಷಗಾನದ ವೇಷ ಬರುವುದು ತೆರೆಯ ಹಿಂದಿನಿಂದ. ಮದುವೆಯಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟವೂ ಒಂದು ತೆರೆಯೇ. ಆದರೆ ಗಮನಿಸಿ, ಈ ತೆರೆಗಳೆಲ್ಲ ಮನುಷ್ಯರ ನಡುವೆ ಇದ್ದವು, ಕಿಟಕಿಗೆ ಅಲ್ಲ. ಏಕೆಂದರೆ ಹಳೆಯ ಕಿಟಕಿಗೆ ಬಟ್ಟೆಯ ಅಗತ್ಯವೇ ಇರಲಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯ ಶುರುವಾದದ್ದು 1117ರಲ್ಲಿ. ಅದರ ನವರಂಗಕ್ಕೆ ಕಲ್ಲಿನ ಜಾಲಂಧ್ರಗಳನ್ನು ಕೂಡಿಸಿದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ವಿಜಾಪುರದ ಇಬ್ರಾಹಿಂ ರೋಜಾಕ್ಕೆ ಹೋದರೆ ಅಕ್ಷರಗಳನ್ನೇ ಕೊರೆದು ಮಾಡಿದ ಕಲ್ಲಿನ ಕಿಟಕಿಗಳನ್ನು ಕಾಣುತ್ತೀರಿ. ಗಾಳಿ ಬರುತ್ತದೆ, ಬೆಳಕು ಸೋಸಿ ಬರುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಇಂದಿನ ಬ್ಲೈಂಡ್ ಮಾಡುವ ಕೆಲಸವೂ ಇಷ್ಟೇ ಅಲ್ಲವೇ?

ಸಾಮಾನ್ಯರ ಮನೆಯಲ್ಲಿ ಏನಿತ್ತು? ಉತ್ತರ ಕರ್ನಾಟಕದ ಮಾಳಿಗೆ ಮನೆಗಳ ಗೋಡೆ ಬಲು ದಪ್ಪ, ಕಿಟಕಿ ಸಣ್ಣದು, ಮೇಲೆ ಒಂದು ಬೆಳಕಿಂಡಿ. ಬಾಣಂತಿ ಕೋಣೆಯಂತೂ ಮನೆಯಲ್ಲೇ ಹೆಚ್ಚು ಕತ್ತಲಿನದು. ತೊಟ್ಟಿಲಿಗೆ ಅಜ್ಜಿಯ ಹಳೆಯ ಹತ್ತಿ ಸೀರೆ ಹೊದಿಸಿದರೆ ಬೆಳಕು, ನೊಣ, ದೃಷ್ಟಿ ಮೂರಕ್ಕೂ ಅದೇ ತಡೆ!

ಬೇಸಿಗೆಗೆ ಲಾವಂಚದ ತಟ್ಟಿ ಇತ್ತು. ಅಕ್ಬರನ ಕಾಲದ ಲಾವಂಚದ ಕೋಣೆಗಳ ಮಾತು ಅಬುಲ್ ಫಜಲ್‌ನ 'ಐನ್-ಇ-ಅಕ್ಬರಿ'ಯಲ್ಲಿ ಬರುತ್ತದೆ. ಬಾಗಿಲಿಗೆ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಬಿಸಿಗಾಳಿ ತಂಪಾಗಿ, ಘಮಘಮಿಸುತ್ತ ಒಳಬರುತ್ತದೆ. ಇದರಲ್ಲಿ ಒಂದು ಪಾಠವಿದೆ. ತಟ್ಟಿ, ಬಿದಿರಿನ ಚಿಕ್ ಇವೆಲ್ಲ ಬಿಸಿಲನ್ನು ಹೊರಗೇ ತಡೆಯುತ್ತವೆ. ನಮ್ಮ ಪರದೆ ಗಾಜಿನ ಒಳಗಡೆ ಇರುತ್ತದೆ, ಅದು ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ಹಾಗಾಗಿ ಪರದೆಯ ಗಾಜಿನ ಕಡೆಯ ಮೈ ಬಿಳಿಯಾಗಿರಲಿ, ಒಂದಷ್ಟು ಬಿಸಿಲನ್ನು ತಿರುಗಿ ಕಳಿಸುತ್ತದೆ. ಬಾಲ್ಕನಿ ಇದ್ದರೆ ಅಲ್ಲೊಂದು ಬಿದಿರಿನ ಚಿಕ್ ಇಳಿಬಿಡಿ, ಇನ್ನೂ ಒಳ್ಳೆಯದು.

ಕಿಟಕಿಗೆ ಬಟ್ಟೆ ಬಂದದ್ದು ಗಾಜು ಮತ್ತು ಗಿರಣಿಗಳ ಜೊತೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲೂ ಕಣ್ಣೂರಿನಲ್ಲೂ 19ನೆಯ ಶತಮಾನದ ಮಧ್ಯದಲ್ಲಿ ನೇಯ್ಗೆ ಕಾರ್ಖಾನೆಗಳನ್ನು ತೆರೆದರು. ಕಣ್ಣೂರಿನ ಕೈಮಗ್ಗದ ಪರದೆ ಬಟ್ಟೆ ಇವತ್ತಿಗೂ ಪರದೇಶಗಳಿಗೆ ಹೋಗುತ್ತದೆ. ಇತ್ತ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ 1877ರಲ್ಲಿ ದೊಡ್ಡ ಬಟ್ಟೆ ಗಿರಣಿ ಶುರುವಾಯಿತು. ಸೊಲ್ಲಾಪುರದ ಚಾದರ ಗೊತ್ತಿಲ್ಲದ ಕನ್ನಡದ ಮನೆ ಯಾವುದಿದೆ ಹೇಳಿ? ಆಮೇಲೆ ಸ್ಪ್ರಿಂಗ್ ತಂತಿಗೆ ಸಿಕ್ಕಿಸಿದ ಅರ್ಧ ಪರದೆ ಬಂತು. ಕೆಳಗಿನರ್ಧ ಮರೆ, ಮೇಲಿನರ್ಧ ಬೆಳಕು. ನಮ್ಮಲ್ಲಿ ಬಹಳ ಜನ ಬೆಳೆದದ್ದು ಈ ಪರದೆಯ ಕೆಳಗೇ.

ಇನ್ನು ಬ್ಲ್ಯಾಕ್‌ಔಟ್. ಈ ಹೆಸರು ಬಂದದ್ದು ಯುದ್ಧದಿಂದ. 1939ರ ಸೆಪ್ಟೆಂಬರ್ 1ರಿಂದ ಬ್ರಿಟನ್ನಿನ ಮನೆಗಳು ಬಾಂಬಿನ ವಿಮಾನಗಳಿಗೆ ಹೆದರಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದವು. 1971ರ ಯುದ್ಧದಲ್ಲಿ ಮುಂಬಯಿಯ ಕಿಟಕಿಗಳಿಗೂ ಕಪ್ಪು ಕಾಗದ ಬಿತ್ತು. ಆಗ ಒಳಗಿನ ಬೆಳಕು ಹೊರಗೆ ಹೋಗಬಾರದಿತ್ತು. ಈಗ ಹಿಂಜವಾಡಿಯಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿದು ಬೆಳಗ್ಗೆ ಮಲಗುವವರಿಗೆ ಹೊರಗಿನ ಬೆಳಕು ಒಳಗೆ ಬರಬಾರದು!

ವೆನೀಷಿಯನ್ ಬ್ಲೈಂಡಿಗೆ 1769ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬೆವನ್ ಪೇಟೆಂಟ್ ಪಡೆದ. ಹಗ್ಗ ಎಳೆದರೆ ಪಟ್ಟಿಗಳು ಏಳುತ್ತವೆ, ಬಿಟ್ಟರೆ ಇಳಿಯುತ್ತವೆ. ಅನುಕೂಲವೇನೋ ಹೌದು. ಆದರೆ ಈ ಹಗ್ಗದಲ್ಲೇ ಅಪಾಯವಿದೆ ಮಿತ್ರರೇ, ಇಲ್ಲಿ ಸ್ವಲ್ಪ ನಿಧಾನಿಸಿ ಓದಿ.

ಜೋತುಬಿದ್ದ ಹಗ್ಗದ ಕುಣಿಕೆ ಆಡುವ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಲೆಕ್ಕದಂತೆ ಅಲ್ಲಿ ಐದು ವರ್ಷದೊಳಗಿನ ಸುಮಾರು 9 ಮಕ್ಕಳು ಪ್ರತಿ ವರ್ಷ ಹೀಗೆ ಸತ್ತಿದ್ದಾರೆ. ಮಗುವಿಗೆ ಕೂಗಲೂ ಆಗುವುದಿಲ್ಲ, ಪಕ್ಕದ ಕೋಣೆಯಲ್ಲಿದ್ದವರಿಗೂ ತಿಳಿಯುವುದಿಲ್ಲ. 2009ರ ಡಿಸೆಂಬರಿನಲ್ಲಿ ಅಲ್ಲಿ 5 ಕೋಟಿಗೂ ಹೆಚ್ಚು ರೋಮನ್ ಮತ್ತು ಸುರುಳಿ ಬ್ಲೈಂಡುಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಲಾಯಿತು. 2018ರ ಡಿಸೆಂಬರಿನಿಂದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡುಗಳಿಗೆ ಹಗ್ಗವಿರಬಾರದು, ಇಲ್ಲವೇ ಅದು ಮಗುವಿನ ಕೈಗೆ ಸಿಗಬಾರದು ಎಂಬ ಮಾನದಂಡ ಬಂತು. ಒಂದು ಸಣ್ಣ ಹಗ್ಗಕ್ಕೆ ಇಷ್ಟು ವರ್ಷ ಬೇಕಾಯಿತು!

ಈಗ ನಮ್ಮ ಹತ್ತನೆಯ ಮಹಡಿಗೆ ಮರಳೋಣ.

ಕೂಸಿನ ಕೋಣೆಗೆ ಹಗ್ಗ ಇಲ್ಲದ್ದನ್ನೇ ಆರಿಸಿ. ರಾಡಿಗೆ ಹಾಕಿದ ಸಾದಾ ಹತ್ತಿ ಪರದೆ ಸಾಕು, ಮಧ್ಯಾಹ್ನದ ನಿದ್ದೆಗೆ ಬೇಕಾದರೆ ಹಿಂದೆ ದಪ್ಪ ಅಸ್ತರಿ ಇರಲಿ. ನೆಲ ಮುಟ್ಟುವಷ್ಟು ಉದ್ದ ಬೇಡ, ಅಂಬೆಗಾಲಿಡುವ ಮಗು ಹಿಡಿದು ಎಳೆಯುತ್ತದೆ. ರಾಡನ್ನು ಗೋಡೆಗೆ ಭದ್ರವಾಗಿ ಬಿಗಿಸಿ. ತೊಟ್ಟಿಲನ್ನೂ ಮಂಚವನ್ನೂ ಕಿಟಕಿಯಿಂದ ದೂರ ಇಡಿ. ಪರದೆ ಎಂದಿಗೂ ಗ್ರಿಲ್ ಅಲ್ಲ, ಮಗು ಹತ್ತಿದರೆ ತಡೆಯುವುದು ಗ್ರಿಲ್ ಮಾತ್ರ. ಹಗಲಿಡೀ ಕತ್ತಲೆಯೂ ಬೇಡ. ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ವ್ಯತ್ಯಾಸ ತಿಳಿಯಲು ಕೆಲವು ತಿಂಗಳು ಬೇಕು, ಬೆಳಗಿನ ಬೆಳಕು ಅದಕ್ಕೆ ನೆರವಾಗುತ್ತದೆ.

ರಾತ್ರಿ ಪಾಳಿಯವರ ಕೋಣೆಗೆ ಬ್ಲ್ಯಾಕ್‌ಔಟ್ ಪರದೆ ಸರಿ. ಕಿಟಕಿಯ ಚೌಕಟ್ಟಿಗಿಂತ ಎರಡೂ ಬದಿಗೆ ಒಂದು ಗೇಣು ಅಗಲ ಹೆಚ್ಚಿರಲಿ, ಇಲ್ಲದಿದ್ದರೆ ಅಂಚಿನಿಂದ ಬೆಳಕು ನುಸುಳುತ್ತದೆ. ಹಿರಿಯರ ಕೋಣೆಗೆ ಎರಡು ಪದರ ಒಳ್ಳೆಯದು. ಹಗಲಿಗೆ ತೆಳುವಾದದ್ದು, ರಾತ್ರಿಗೆ ದಪ್ಪದ್ದು. ಊರು ಬಿಟ್ಟು ಬಂದವರಿಗೆ ಕಿಟಕಿಯಾಚೆ ನಾಲ್ಕು ಜನ ಓಡಾಡುವುದು ಕಂಡರೇ ಹೊತ್ತು ಹೋಗುವುದು. ಹಿಂಜವಾಡಿ ಮುಳಶಿ ತಾಲೂಕಿನದು, ಸಹ್ಯಾದ್ರಿಯ ಮಳೆ ಹತ್ತಿರವೇ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲೇ ಒಗೆದು ಒಣಗಿಸಬಹುದಾದದ್ದನ್ನೇ ಕೊಳ್ಳಿ.

ಅಂಗಡಿಯದು ಮನೆಗೆ ಬರುವ ತನಕ? ಅವ್ವ ಟ್ರಂಕಿನಿಂದ ತಮ್ಮ ಹಳೆಯ ಇಳಕಲ್ ಸೀರೆಯೊಂದನ್ನು ತೆಗೆದಿರುತ್ತಾರೆ. ಬೇಡ ಅನ್ನಬೇಡಿ. ಎರಡಾಗಿ ಮಡಿಸಿ ರಾಡಿಗೆ ಹಾಕಿ ನೋಡಿ. ಕೂಸು ಮಲಗಿದರೆ ಅಂಗಡಿಗೆ ಹೋಗುವ ಅವಸರವೇ ಇರುವುದಿಲ್ಲ!