ಚಾಮರಾಜೇಶ್ವರ ರಥೋತ್ಸವ

ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದಲ್ಲಿ ಆಷಾಢ ಮಾಸದ ಪೂರ್ವಾಷಾಢ ನಕ್ಷತ್ರದಂದು, ಸಾಮಾನ್ಯವಾಗಿ ಜುಲೈನಲ್ಲಿ, ಜರುಗುವ ತೇರಿನ ಹಬ್ಬ. ‘ನವದಂಪತಿಗಳ ಜಾತ್ರೆ’ ಎಂದೇ ಜನಜನಿತ. ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗೆ 1818ರಲ್ಲಿ ಊರಿಗೆ ಈಗಿನ ಹೆಸರಿಟ್ಟರು. 1826ರಲ್ಲಿ ದೇವಾಲಯ ಕಟ್ಟಿಸಿದರು. ಇಲ್ಲಿನ ಅಮ್ಮನವರು ಕೆಂಪನಂಜಾಂಬ. ರಾಜಮಾತೆ ಕೆಂಪನಂಜಮ್ಮಣ್ಣಿಯವರ ಹೆಸರು ದೇವಿಗೆ ಸಂದಿದೆ.

ಆಷಾಢದಲ್ಲಿ ಶುಭಕಾರ್ಯಗಳು ನಿಲ್ಲುತ್ತವೆ, ತೇರುಗಳೂ ವಿರಳ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಆ ತಿಂಗಳು ತವರಿನಲ್ಲಿರುತ್ತಾಳೆ. ಅಗಲಿದ ಜೋಡಿ ದೇವರ ಎದುರು ಒಂದು ದಿನ ಕೂಡುವುದು ಈ ತೇರಿನಲ್ಲಿ. ಉತ್ಸವದ ನಿಜವಾದ ಜೀವಾಳ ಇದೇ. ಬಾಳೆಹಣ್ಣಿನ ತುದಿಗೆ ದವನದ ಕಡ್ಡಿ ಸಿಕ್ಕಿಸಿ, ಉರುಳುವ ತೇರಿನ ಕಲಶಕ್ಕೆ ಗುರಿಯಿಟ್ಟು ಎಸೆಯುತ್ತಾರೆ. ಇದು ‘ಹಣ್ಣು ಜವನ’. ಗಂಡ ಎಸೆದರೆ ಹೆಂಡತಿಯೂ ಎಸೆಯುತ್ತಾಳೆ, ಸಂತಾನಕ್ಕೂ ಬಾಳಿನ ನೆಮ್ಮದಿಗೂ ಹರಕೆ ಹೊರುತ್ತಾರೆ. ತೇರು ಸಾಗಿದ ಹಾದಿಯಲ್ಲಿ ಹಣ್ಣಿನ ತಿರುಳು, ದವನದ ಕಂಪು ಉಳಿಯುತ್ತವೆ. ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ನಂಜನಗೂಡು ಸೀಮೆಗಳಿಂದಲೂ ಜನ ಬರುತ್ತಾರೆ.

2017ರಲ್ಲಿ ಕಿಡಿಗೇಡಿ ಹಚ್ಚಿದ ಬೆಂಕಿಗೆ ಹಳೆಯ ತೇರು ತುತ್ತಾಯಿತು. ಮುಂದಿನ ವರ್ಷಗಳಲ್ಲಿ ರಥೋತ್ಸವ ನಡೆಯಲಿಲ್ಲ. ತೇರಿಲ್ಲದ ಆ ಆಷಾಢಗಳು ಊರಿಗೆ ದೊಡ್ಡ ಕೊರತೆಯೇ ಆಗಿದ್ದವು. ಹೊಸ ತೇರು ಸಿದ್ಧವಾಗಿ, 2022ರ ಜುಲೈನಲ್ಲಿ ಮತ್ತೆ ರಥಬೀದಿಗೆ ಇಳಿಯಿತು.