ಬ್ರೇಕ್ ಹಿಡಿದಾಗ ಬೈಕ್ ನಡುಗುತ್ತಿದೆಯೇ? ಡಿಸ್ಕ್ ಬದಲಿಸುವ ಮುನ್ನ ಅಳತೆ ಮಾಡಿಸಿ

ಭೂಸನೂರ (ಕಲಬುರಗಿ ಜಿಲ್ಲೆ): ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಸುತ್ತಲಿನ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು ಕಾಣಿಸಿಕೊಳ್ಳುತ್ತದೆ. ಅವುಗಳ ಹಿಂದೆ ಸಾಗುವ ಬೈಕ್ ಸವಾರ ಪದೇ ಪದೇ ಮುಂದಿನ ಬ್ರೇಕ್ ಹಿಡಿಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಹ್ಯಾಂಡಲ್ ನಡುಗಿದರೆ, ಲಿವರ್ ಬೆರಳಿಗೆ ಮಿಡಿದಂತಾದರೆ ಅದನ್ನು ಅಲಕ್ಷಿಸುವುದು ಅಪಾಯಕಾರಿ.

ಗ್ಯಾರೇಜ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಡಿಸ್ಕ್ ಬೆಂಡ್ ಆಗಿದೆ, ಹೊಸದು ಹಾಕಬೇಕು’ ಎಂಬುದು. ಅದು ಕೆಲವೊಮ್ಮೆ ನಿಜವೂ ಹೌದು. ಆದರೆ ಅನೇಕ ಬಾರಿ ದೋಷವಿರುವುದು ಡಿಸ್ಕ್‌ನಲ್ಲಿ ಅಲ್ಲ, ಅದನ್ನು ಕೂರಿಸಿದ ರೀತಿಯಲ್ಲಿ. ಅಳತೆ ಮಾಡದೆ ಬದಲಿಸಿದರೆ ಹಣವೂ ವ್ಯರ್ಥ, ನಡುಕವೂ ಹೋಗುವುದಿಲ್ಲ.

ಡ್ರಮ್‌ನಿಂದ ಡಿಸ್ಕ್‌ಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕ್‌ಗಳಲ್ಲಿ ಇದ್ದದ್ದು ಡ್ರಮ್ ಬ್ರೇಕ್. 1999ರಲ್ಲಿ ಬಂದ ಹೀರೊ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್ ಮೊದಲಾದ ಬೈಕ್‌ಗಳಿಂದ ಮುಂಚಕ್ರದ ಡಿಸ್ಕ್ ಬ್ರೇಕ್ ಜನಸಾಮಾನ್ಯರಿಗೆ ಪರಿಚಿತವಾಯಿತು. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಡಿಸ್ಕ್ ಬ್ರೇಕ್ ಮತ್ತಷ್ಟು ವ್ಯಾಪಕವಾಯಿತು.

ಇದರ ರಚನೆ ಸರಳ. ಚಕ್ರದ ಹಬ್‌ಗೆ ಬೋಲ್ಟ್‌ಗಳಿಂದ ಬಿಗಿದ ಉಕ್ಕಿನ ತಟ್ಟೆಯೇ ಡಿಸ್ಕ್ ಅಥವಾ ರೋಟರ್. ಬ್ರೇಕ್ ಆಯಿಲ್‌ನ ಒತ್ತಡದಿಂದ ಕ್ಯಾಲಿಪರ್‌ನೊಳಗಿನ ಪ್ಯಾಡ್‌ಗಳು ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುತ್ತವೆ. ಡಿಸ್ಕ್ ಓಲಾಡದೆ ನೇರವಾಗಿ ತಿರುಗಿದರೆ ಮಾತ್ರ ಈ ಹಿಡಿತ ಸಮವಾಗಿರುತ್ತದೆ.

ಕಾಗದದಷ್ಟು ಕೊಳೆ ಸಾಕು

ಡಿಸ್ಕ್ ಕೂರುವ ಹಬ್‌ನ ಮೇಲ್ಮೈಯಲ್ಲಿ ತುಕ್ಕು, ಒಣಗಿದ ಎರೆಮಣ್ಣು ಅಥವಾ ಹಳೆಯ ಬೋಲ್ಟ್ ಅಂಟಿನ ಚೂರು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಡಿಸ್ಕ್‌ನ ವ್ಯಾಸ 240 ಮಿ.ಮೀ., ಬೋಲ್ಟ್‌ಗಳ ವೃತ್ತದ ವ್ಯಾಸ 100 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ಬದಿಯಲ್ಲಿ 0.1 ಮಿ.ಮೀ., ಅಂದರೆ ಸುಮಾರು ಒಂದು ಹಾಳೆ ಕಾಗದದಷ್ಟು ದಪ್ಪದ ಕೊಳೆ ಇದ್ದರೆ ಡಿಸ್ಕ್‌ನ ಅಂಚು ಒಟ್ಟು 0.24 ಮಿ.ಮೀ. ಓಲಾಡುತ್ತದೆ. ಅನೇಕ ಸಾಮಾನ್ಯ ಬೈಕ್‌ಗಳಲ್ಲಿ ಓಲಾಟದ ಮಿತಿ 0.3 ಮಿ.ಮೀ.; ಕೆಲವು ಮಾದರಿಗಳಲ್ಲಿ ಇನ್ನೂ ಕಡಿಮೆ. ಹೊಚ್ಚ ಹೊಸ ಡಿಸ್ಕ್ ಹಾಕಿದರೂ ಹಬ್ ಕೊಳೆಯಾಗಿದ್ದರೆ ಫಲ ಅಷ್ಟಕ್ಕಷ್ಟೆ.

ಇನ್ನಿತರ ಕಾರಣಗಳೂ ಇವೆ. ಬೋಲ್ಟ್‌ಗಳ ಬಿಗಿತದಲ್ಲಿ ವ್ಯತ್ಯಾಸ, ಸವೆದ ಚಕ್ರದ ಬೇರಿಂಗ್, ಸಡಿಲವಾದ ಹ್ಯಾಂಡಲ್ ಬೇರಿಂಗ್, ಕೆಸರು ಕಟ್ಟಿ ಸರಿಯಾಗಿ ಜಾರದ ಕ್ಯಾಲಿಪರ್ ಪಿನ್, ಡಿಸ್ಕ್ ಮೇಲೆ ಅಲ್ಲಲ್ಲಿ ಅಂಟಿದ ಪ್ಯಾಡ್‌ನ ಪದರ, ಇವೆಲ್ಲವೂ ಅದೇ ಬಗೆಯ ನಡುಕವನ್ನು ಉಂಟುಮಾಡಬಲ್ಲವು.

ಅಳತೆ ಹೇಗೆ?

ಮೊದಲು ಚಕ್ರವನ್ನು ನೆಲದಿಂದ ಎತ್ತಿ, ಅದನ್ನು ಎಡಬಲಕ್ಕೆ ಅಲುಗಾಡಿಸಿ ಬೇರಿಂಗ್ ಪರೀಕ್ಷಿಸಬೇಕು. ಬೇರಿಂಗ್ ಸಡಿಲವಿದ್ದರೆ ಮುಂದಿನ ಯಾವ ಅಳತೆಯೂ ನಂಬಲರ್ಹವಲ್ಲ. ಬಳಿಕ ಫೋರ್ಕ್‌ಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಡಿಸ್ಕ್‌ನ ಹೊರ ಅಂಚಿನ ಸಮೀಪ ಇರಿಸಿ ಚಕ್ರವನ್ನು ನಿಧಾನವಾಗಿ ತಿರುಗಿಸಬೇಕು. ಮುಳ್ಳಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೂಚನೆಗಳ ಅಂತರವೇ ಓಲಾಟ. ಗೇಜ್ ಇಲ್ಲದೆಡೆ ಫೋರ್ಕ್‌ಗೆ ಗಟ್ಟಿ ತಂತಿಯೊಂದನ್ನು ಕಟ್ಟಿ, ತುದಿ ಡಿಸ್ಕ್‌ಗೆ ತಾಗಿಯೂ ತಾಗದಂತಿರಿಸಿ ತಿರುಗಿಸಿದರೆ ದೊಡ್ಡ ಓಲಾಟ ಕಣ್ಣಿಗೆ ಬೀಳುತ್ತದೆ. ಇದು ಅಂದಾಜು ಮಾತ್ರ, ಅಳತೆಯಲ್ಲ.

ದೋಷ ಡಿಸ್ಕ್‌ನದೋ ಹಬ್‌ನದೋ ಎಂದು ತಿಳಿಯಲು ಸುಲಭ ಉಪಾಯವಿದೆ. ಎತ್ತರದ ಸ್ಥಳಕ್ಕೆ ಡಿಸ್ಕ್ ಮತ್ತು ಹಬ್ ಎರಡರ ಮೇಲೂ ಗುರುತು ಹಾಕಿ, ಡಿಸ್ಕ್ ಬಿಚ್ಚಿ, ಒಂದು ಬೋಲ್ಟ್ ರಂಧ್ರದಷ್ಟು ತಿರುಗಿಸಿ ಮತ್ತೆ ಬಿಗಿದು ಅಳೆಯಬೇಕು. ಎತ್ತರದ ಸ್ಥಳ ಡಿಸ್ಕ್‌ನೊಂದಿಗೆ ಸರಿದರೆ ಡಿಸ್ಕ್ ಬಾಗಿದೆ. ಹಬ್‌ನ ಗುರುತಿನ ಬಳಿಯೇ ಉಳಿದರೆ ಹಬ್ ಅಥವಾ ಅದರ ಕೊಳೆಯೇ ಕಾರಣ.

ದಪ್ಪವನ್ನೂ ಆರೆಂಟು ಕಡೆ ಮೈಕ್ರೋಮೀಟರ್‌ನಿಂದ ನೋಡಬೇಕು. ಸವೆದ ಡಿಸ್ಕ್‌ನ ಅಂಚಿನಲ್ಲಿ ಏಣು ಉಳಿಯುವುದರಿಂದ ವರ್ನಿಯರ್ ಕ್ಯಾಲಿಪರ್ ನಿಜಕ್ಕಿಂತ ಹೆಚ್ಚು ದಪ್ಪ ತೋರಿಸುವ ಸಂಭವವಿದೆ. ಕನಿಷ್ಠ ದಪ್ಪದ ಅಂಕಿ ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಮುದ್ರಿತವಾಗಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಬದಲಿಸುವುದೊಂದೇ ದಾರಿ.

ಕೂರಿಸುವ ಕ್ರಮ

* ಬಿಚ್ಚಿದ ಕ್ಯಾಲಿಪರ್ ಅನ್ನು ಹೋಸ್‌ನಿಂದ ಜೋತುಬೀಳಲು ಬಿಡಬಾರದು. ಪ್ಯಾಡ್‌ಗಳ ನಡುವೆ ಮರದ ಚೂರು ಇರಿಸಬೇಕು. ಚಕ್ರ ಹೊರಗಿರುವಾಗ ಲಿವರ್ ಒತ್ತಬಾರದು.
* ಚಕ್ರವನ್ನು ಡಿಸ್ಕ್ ಮೇಲ್ಮುಖವಾಗಿರುವಂತೆ ಮಲಗಿಸಬೇಕು. ಭಾರ ಡಿಸ್ಕ್ ಮೇಲೆ ಬೀಳಬಾರದು.
* ಹಬ್‌ನ ಮೇಲ್ಮೈ, ಬೋಲ್ಟ್ ರಂಧ್ರಗಳಲ್ಲಿನ ತುಕ್ಕು ಮತ್ತು ಹಳೆಯ ಅಂಟನ್ನು ಪೂರ್ಣವಾಗಿ ತೆಗೆಯಬೇಕು. ಅರದಿಂದ ಉಜ್ಜಿ ಲೋಹವನ್ನೇ ಸವೆಸಬಾರದು.
* ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದರಂತೆಯೇ ಡಿಸ್ಕ್ ಇರಿಸಬೇಕು.
* ತಯಾರಕರು ಸೂಚಿಸಿದ್ದರೆ ಹೊಸ ಬೋಲ್ಟ್‌ಗಳನ್ನೇ ಬಳಸಬೇಕು. ಎಲ್ಲವನ್ನೂ ಮೊದಲು ಕೈಯಿಂದ ಕೂರಿಸಿ, ಬಳಿಕ ಎದುರುಬದುರಾಗಿ ಎರಡು ಮೂರು ಹಂತಗಳಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಬಿಗಿತದ ಪ್ರಮಾಣ ಮಾದರಿಯಿಂದ ಮಾದರಿಗೆ ಬೇರೆ; ಸರ್ವಿಸ್ ಕೈಪಿಡಿಯ ಅಂಕಿಯೇ ಪ್ರಮಾಣ.
* ಎಬಿಎಸ್ ಇರುವ ಬೈಕ್‌ನಲ್ಲಿ ಸೆನ್ಸರ್ ರಿಂಗ್ ಬಾಗದಂತೆ, ಸೆನ್ಸರ್‌ನ ಅಂತರ ವ್ಯತ್ಯಾಸವಾಗದಂತೆ ನೋಡಿಕೊಳ್ಳಬೇಕು.
* ಹೊಸ ಡಿಸ್ಕ್ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಡೀಸೆಲ್, ಗ್ರೀಸ್ ಸೋಕಿದ ಬಟ್ಟೆ ಸಲ್ಲದು.
* ಚಕ್ರ ಜೋಡಿಸಿದ ನಂತರ ಮತ್ತೊಮ್ಮೆ ಓಲಾಟ ಅಳೆಯಬೇಕು. ಬೈಕ್ ಹೊರಡಿಸುವ ಮುನ್ನ ಲಿವರ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಲೇಬೇಕು. ಇದನ್ನು ಮರೆತರೆ ಮೊದಲ ಬಾರಿ ಲಿವರ್ ಹಿಡಿದಾಗ ಬ್ರೇಕ್ ಸಿಗುವುದಿಲ್ಲ.

ಸುತ್ತಿಗೆ ಬೇಡ

ಬಾಗಿದ ಡಿಸ್ಕ್ ಅನ್ನು ಸುತ್ತಿಗೆಯಿಂದ ಬಡಿದು ನೇರ ಮಾಡುವ ರೂಢಿ ಕೆಲವೆಡೆ ಇದೆ. ಕಣ್ಣಿಗೆ ನೇರವಾಗಿ ಕಂಡರೂ ಮಿಲಿಮೀಟರ್‌ನ ಹತ್ತನೇ ಭಾಗದ ನಿಖರತೆ ಸುತ್ತಿಗೆಯಿಂದ ಸಾಧ್ಯವಿಲ್ಲ. ಬಿರುಕು ಬಿಡುವ ಅಪಾಯವೂ ಉಂಟು. ಲೇತ್‌ನಲ್ಲಿ ಕಡೆಸುವುದೂ ಸೂಕ್ತವಲ್ಲ. ಬಹುತೇಕ ಬೈಕ್ ಡಿಸ್ಕ್‌ಗಳ ದಪ್ಪ ಹೊಸದಿದ್ದಾಗಲೇ 4ರಿಂದ 5 ಮಿ.ಮೀ. ಮಾತ್ರ. ಸವೆತಕ್ಕೆ ಅವಕಾಶವಿರುವುದು ಅದರಲ್ಲಿ ಒಂದು ಸಣ್ಣ ಅಂಶವಷ್ಟೇ.

ಹೊಸ ಡಿಸ್ಕ್ ಹಾಕಿದಾಗ ಪ್ಯಾಡ್‌ಗಳನ್ನೂ ಬದಲಿಸುವುದು ಒಳಿತು. ಹಳೆಯ ಪ್ಯಾಡ್ ಹಳೆಯ ಡಿಸ್ಕ್‌ನ ಗೀರುಗಳಿಗೆ ಒಗ್ಗಿರುತ್ತದೆ. ಮೊದಲ ಕೆಲವು ನೂರು ಕಿ.ಮೀ. ತನಕ ತುರ್ತು ಸಂದರ್ಭ ಬಿಟ್ಟು ಜೋರಾಗಿ ಬ್ರೇಕ್ ಹಿಡಿಯದೆ, ಮುಂದಿನ ವಾಹನದಿಂದ ಎಂದಿಗಿಂತ ಹೆಚ್ಚು ಅಂತರ ಕಾಯ್ದುಕೊಳ್ಳಬೇಕು.

ಸವಾರರು ಕೇಳಬೇಕಾದದ್ದು

ಡಿಸ್ಕ್ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದಾಗ ಮೂರು ಪ್ರಶ್ನೆ ಕೇಳುವುದು ಉಚಿತ: ಓಲಾಟ ಎಷ್ಟು? ದಪ್ಪ ಎಷ್ಟು ಉಳಿದಿದೆ? ಹಬ್ ಸ್ವಚ್ಛಗೊಳಿಸಿ ಮತ್ತೊಮ್ಮೆ ಅಳೆಯಲಾಗಿದೆಯೇ? ಅಂಕಿಗಳು ಮಿತಿ ಮೀರಿದ್ದರೆ ಖರ್ಚಿಗೆ ಹಿಂಜರಿಯದೆ ಬದಲಿಸಬೇಕು. ಅಳೆಯುವ ಸಲಕರಣೆಯೇ ಇಲ್ಲದಿದ್ದರೆ ಆಳಂದ ಅಥವಾ ಕಲಬುರಗಿಯಂತಹ ಊರಿನ ಸರ್ವಿಸ್ ಕೇಂದ್ರದಲ್ಲಿ ತೋರಿಸುವುದು ಲೇಸು. ಆದರೆ ನಡುಕ ತೀವ್ರವಾಗಿದ್ದರೆ ಅಲ್ಲಿಗೆ ಬೈಕ್ ಓಡಿಸಿಕೊಂಡು ಹೋಗದೆ ಬೇರೆ ವಾಹನದಲ್ಲಿ ಸಾಗಿಸಬೇಕು.